ನಿನ್ನೆ ಬಂದ ಪಲ್ಸ್ ಇವತ್ತು ಬರ್ತಿಲ್ಲ: ನ್ಯಾನೋ ಫಿಲ್ಮ್ ಹಾಕಿದ ಫೈಬರ್ ಲೇಸರ್‌ನಲ್ಲಿ ದೋಷ ಹುಡುಕುವುದು ಹೇಗೆ

"ಮೇಡಂ, ಫಿಲ್ಮ್ ಸತ್ತೋಗಿದೆ. ಹೊಸದು ಹಾಕ್ಲಾ?"

ಬೆಂಗಳೂರಿನ ಲ್ಯಾಬ್‌ಗಳಲ್ಲಿ ಫೈಬರ್ ಲೇಸರ್ ಕಟ್ಟುವ ವಿದ್ಯಾರ್ಥಿಗಳಿಂದ ನನಗೆ ಬರುವ ಫೋನ್‌ಗಳು ಹೆಚ್ಚಾಗಿ ಹೀಗೇ ಶುರುವಾಗುತ್ತವೆ. ಫಿಲ್ಮ್ ಅಂದರೆ ಲೇಸರ್ ಬೆಳಕು ಪಲ್ಸ್‌ಗಳಾಗಿ, ಚಿಕ್ಕ ಚಿಕ್ಕ ಮಿಡಿತಗಳಾಗಿ ಬರುವಂತೆ ಮಾಡುವ ತೆಳು ಹಾಳೆ; ಕನೆಕ್ಟರ್ ಅಂದರೆ ಎರಡು ಫೈಬರ್ ತುದಿಗಳನ್ನು ಜೋಡಿಸುವ ಭಾಗ. ನಾನು ತಿರುಗಿ ಕೇಳುವುದು ಒಂದೇ ಮಾತು: "ಕನೆಕ್ಟರ್ ಒರೆಸಿ ನೋಡಿದ್ಯಾ?" ಆ ಕಡೆ ಸ್ವಲ್ಪ ಹೊತ್ತು ಸದ್ದಿರುವುದಿಲ್ಲ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದರಂತೆ. ಇಲ್ಲೂ ಹಾಗೇ. ಜ್ವರ ಕನೆಕ್ಟರ್‌ಗೆ, ಬರೆ ಫಿಲ್ಮ್‌ಗೆ. ಮೂರು ದಿನ ಕೂತು ಮಾಡಿದ ಒಳ್ಳೆಯ ಫಿಲ್ಮ್ ಕಸದ ಡಬ್ಬಿ ಸೇರುತ್ತದೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಲೇಸರ್ ಕೈಕೊಟ್ಟಾಗ ಫಿಲ್ಮ್ ಮೇಲಿನ ಅನುಮಾನ ಕೊನೆಗೆ ಬರಲಿ. ಲೇಸರ್ ಚೆನ್ನಾಗಿ ನಡೆದಾಗಲೂ ಫಿಲ್ಮ್‌ಗೆ ಕೊಡುವ ಹೊಗಳಿಕೆ ಕೊನೆಗೇ ಬರಲಿ. ಎರಡನೆಯದು ಯಾಕೆ ಅಂತ ಕೊನೆಯ ಭಾಗದಲ್ಲಿ ಹೇಳುತ್ತೇನೆ.

ನಾನು ಮನಸ್ಸಿನಲ್ಲಿಟ್ಟುಕೊಂಡ ಲೇಸರ್ ಇದು: 980 ನ್ಯಾನೋಮೀಟರ್ ಪಂಪ್ ಡಯೋಡ್, ಪಂಪ್ ಬೆಳಕನ್ನು ಒಳಗೆ ಸೇರಿಸುವ ಡಬ್ಲ್ಯುಡಿಎಂ, ಆ ಬೆಳಕಿನಿಂದ ಶಕ್ತಿ ಪಡೆದು 1550 ನ್ಯಾನೋಮೀಟರ್ ಆಸುಪಾಸಿನ ಲೇಸರ್ ಬೆಳಕು ಕೊಡುವ ಎರ್ಬಿಯಂ ಫೈಬರ್, ಬೆಳಕನ್ನು ಒಂದೇ ದಿಕ್ಕಿಗೆ ಬಿಡುವ ಐಸೊಲೇಟರ್, ಬೆಳಕು ಕಂಪಿಸುವ ದಿಕ್ಕನ್ನು (ಪೋಲರೈಸೇಶನ್) ಹೊಂದಿಸುವ ಪೋಲರೈಸೇಶನ್ ಕಂಟ್ರೋಲರ್, 10 ಪರ್ಸೆಂಟ್ ಹೊರಗೆ ಬಿಡುವ ಕಪ್ಲರ್. ಎಲ್ಲ ಸೇರಿ ಸುಮಾರು 10 ಮೀಟರ್ ಉದ್ದದ ಉಂಗುರ. ಎರಡು ಕನೆಕ್ಟರ್‌ಗಳ ತುದಿಗಳ ನಡುವೆ ಒಂದು ಚೂರು ಪಿವಿಎ (ಒಂದು ಬಗೆಯ ಪಾಲಿಮರ್) ಫಿಲ್ಮ್. ಅದರೊಳಗೆ ಕಾರ್ಬನ್ ನ್ಯಾನೋಟ್ಯೂಬ್ (ಇಂಗಾಲದ ಅತಿ ಸಣ್ಣ ಕೊಳವೆ) ಅಥವಾ ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ). ಇದೇ ನಮ್ಮ ಸ್ಯಾಚುರಬಲ್ ಅಬ್ಸಾರ್ಬರ್.

ಅದರ ಕೆಲಸ ಅರ್ಥ ಮಾಡಿಕೊಳ್ಳಲು ಬಿಎಂಟಿಸಿ ಬಸ್ ನೆನೆಸಿಕೊಳ್ಳಿ. ಒಬ್ಬೊಬ್ಬರೇ ಹತ್ತಿದರೆ ಎಲ್ಲರಿಗೂ ಸೀಟು ಸಿಗುತ್ತದೆ. ಒಟ್ಟಿಗೆ ಜನ ನುಗ್ಗಿದರೆ ಸೀಟು ತುಂಬಿ, ಉಳಿದವರು ಹಾಗೇ ಮುಂದಕ್ಕೆ ಹೋಗಬೇಕು. ಮಂದ ಬೆಳಕು ಬಂದರೆ ಫಿಲ್ಮ್ ಅದನ್ನು ನುಂಗುತ್ತದೆ. ಜೋರಾದ ಬೆಳಕು ಒಮ್ಮೆಲೇ ಬಂದರೆ ಒಳಗಿನ ಜಾಗ ತುಂಬಿ, ಮಿಕ್ಕದ್ದು ಪಾರಾಗುತ್ತದೆ. ಪಿಕೋಸೆಕೆಂಡ್ ಆಸುಪಾಸಿನಲ್ಲಿ ಸೀಟುಗಳು ಮತ್ತೆ ಖಾಲಿ. ಹೀಗೆ ಸುತ್ತು ಸುತ್ತಿಗೂ ಮಂದ ಬೆಳಕು ಸೋತು, ಜೋರಿನದು ಗೆದ್ದು, ಒಂದು ಚಿಕ್ಕ ಪಲ್ಸ್ ಉಳಿದುಕೊಳ್ಳುತ್ತದೆ. ಇದೇ ಮೋಡ್-ಲಾಕ್.

ಕೈ ಹಾಕುವ ಮುಂಚೆ

980 ಆಗಲಿ 1550 ಆಗಲಿ, ಕಣ್ಣಿಗೆ ಕಾಣುವುದಿಲ್ಲ. ಕಾಣದ ಬೆಳಕಿಗೆ ರೆಪ್ಪೆ ಮುಚ್ಚಿಕೊಳ್ಳುವುದೂ ಇಲ್ಲ. 980 ನೇರವಾಗಿ ರೆಟಿನಾದವರೆಗೆ ಹೋಗುತ್ತದೆ. ಕೆಲವು ನೂರು ಮಿಲಿವ್ಯಾಟ್ ಪಂಪ್ ಅಂದರೆ ಕಣ್ಣು ಹೋಗಲು ಸಾಕು. 1550 ಕಣ್ಣಿನ ಮುಂಭಾಗದಲ್ಲೇ ಹೀರಲ್ಪಡುತ್ತದೆ, ಹಾಗಂತ ಅದರ ಜೊತೆ ಸಲಿಗೆ ಬೇಡ. ಎರಡೂ ತರಂಗಾಂತರಕ್ಕೆ ರಕ್ಷಣೆ ಕೊಡುವ ಕನ್ನಡಕವೇ ಬೇಕು. ಕನೆಕ್ಟರ್ ಬಿಚ್ಚುವ ಮುಂಚೆ ಪಂಪ್ ಆಫ್ ಮಾಡಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಿ. ಪಕ್ಕದಲ್ಲಿ ಇನ್ನೊಬ್ಬರು ಕೆಲಸ ಮಾಡುತ್ತಿದ್ದರಂತೂ ಇದನ್ನು ಬಿಡಲೇಬೇಡಿ.

ಕತ್ತರಿಸಿದ ಫೈಬರ್ ಚೂರುಗಳನ್ನು ಮುಚ್ಚಳದ ಡಬ್ಬಿಗೆ ಹಾಕಿ. ಚರ್ಮದೊಳಗೆ ಹೊಕ್ಕರೆ ಕಾಣುವುದಿಲ್ಲ, ಮುರಿದು ಒಳಗೇ ಉಳಿಯುತ್ತದೆ. ಆ ಮೇಜಿನ ಹತ್ತಿರ ಕಾಫಿ ಲೋಟ ಇರಬಾರದು. ನ್ಯಾನೋಟ್ಯೂಬ್ ಪುಡಿಯನ್ನು ಫ್ಯೂಮ್ ಹುಡ್ ಒಳಗೆ ಮಾತ್ರ ತೆರೆಯಿರಿ. ಫಿಲ್ಮ್ ಆದ ಮೇಲೆ ಭಯ ಕಡಿಮೆ, ಆದರೂ ಒಣಗಿದ ಫಿಲ್ಮ್ ಉಜ್ಜಿ ಧೂಳು ಎಬ್ಬಿಸಬೇಡಿ. ಒದ್ದೆ ಟಿಶ್ಯೂವಿನಿಂದ ಒರೆಸಿ.

"ಏನೂ ಬರ್ತಿಲ್ಲ, ಪವರ್ ಮೀಟರ್‌ನಲ್ಲಿ ಸೊನ್ನೆ"

ಮೊದಲು ಮೀಟರ್ ನೋಡಿ. ತರಂಗಾಂತರ 1550ಕ್ಕೆ ಇಟ್ಟಿದ್ದೀರಾ? ಡಿಟೆಕ್ಟರ್ ಮುಚ್ಚಳ ತೆಗೆದಿದ್ದೀರಾ? ಆಮೇಲೆ ಡಯೋಡ್ ಡ್ರೈವರ್: ಇಂಟರ್‌ಲಾಕ್ ಬಿಚ್ಚಿಕೊಂಡಿದೆಯಾ, ಕರೆಂಟ್ ಲಿಮಿಟ್ ಸೊನ್ನೆಗೆ ಬಿದ್ದಿದೆಯಾ, ಡಯೋಡಿನ ತಾಪಮಾನ 25 ಡಿಗ್ರಿಗೆ ಬಂದು ನಿಂತಿದೆಯಾ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಈ ದೂರು ಜಾಸ್ತಿ. ಕರೆಂಟ್ ಹೋದ ತಕ್ಷಣ ನಾಬ್ ಸೊನ್ನೆಗೆ ತಿರುಗಿಸಿ, ಬಂದ ಮೇಲೆ ನಿಧಾನವಾಗಿ ಏರಿಸುವ ಅಭ್ಯಾಸ ಮಾಡಿಕೊಳ್ಳಿ. ಡಯೋಡಿಗೆ ಒಮ್ಮೆಲೇ ನುಗ್ಗುವ ಕರೆಂಟ್ ಆಗುವುದಿಲ್ಲ.

ಈಗ ಕಾಸು ಖರ್ಚಿಲ್ಲದ, ನನಗೆ ತುಂಬಾ ಇಷ್ಟವಾದ ಪರೀಕ್ಷೆ. ಕನ್ನಡಕ ಹಾಕಿಕೊಂಡು ಲ್ಯಾಬಿನ ಲೈಟ್ ಆರಿಸಿ. ಎರ್ಬಿಯಂ ಫೈಬರಿನ ಸುರುಳಿ ನೋಡಿ. ಪಂಪ್ ಒಳಗೆ ಹೋಗುತ್ತಿದ್ದರೆ ಆ ಸುರುಳಿ ಹಸಿರಾಗಿ ಹೊಳೆಯುತ್ತದೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಒಂದೆರಡು ನಿಮಿಷ ಕೊಡಿ. ಮೊದಲು ಏನೂ ಇಲ್ಲ ಅನ್ನಿಸುತ್ತದೆ. ಆಮೇಲೆ ಎಳೆ ಎಳೆಯಾಗಿ, ಪಂಪ್ ಹೊಗುವ ತುದಿಯಲ್ಲಿ ಗಾಢವಾಗಿ, ಇನ್ನೊಂದು ತುದಿಗೆ ಹೋಗುತ್ತಾ ಮಂಕಾಗಿ ಕಾಣುತ್ತದೆ. ಎರಡು ಪಂಪ್ ಫೋಟಾನ್‌ಗಳ ಶಕ್ತಿ ಸೇರಿ ಎರ್ಬಿಯಂ ಅಯಾನು ಮೇಲಿನ ಮಟ್ಟಕ್ಕೆ ಏರಿ, ಅಲ್ಲಿಂದ ಇಳಿಯುವಾಗ ಬಿಡುವ ಹಸಿರು ಇದು.

ಹಸಿರು ಇಲ್ಲವೇ ಇಲ್ಲ ಅಂದರೆ ಪಂಪ್ ಅಲ್ಲಿಗೆ ತಲುಪಿಲ್ಲ. ಡಯೋಡ್, ಡಬ್ಲ್ಯುಡಿಎಂ, ನಡುವಿನ ಸ್ಪ್ಲೈಸ್ (ಫೈಬರ್ ತುದಿಗಳನ್ನು ಕರಗಿಸಿ ಬೆಸೆದ ಜಾಗ), ಈ ಮೂರರಲ್ಲೇ ತೊಂದರೆ. ಪಂಪ್ ಆಫ್ ಮಾಡಿ, ಕೆಂಪು ಬೆಳಕಿನ ಫಾಲ್ಟ್ ಲೊಕೇಟರ್ ಹಾಕಿ. ಮುರಿದ ಕಡೆ ಕೆಂಪು ಹೊರಗೆ ಸೋರುತ್ತದೆ. ಐಸೊಲೇಟರ್ ಮೂಲಕ ಕೆಂಪು ಬೆಳಕು ಸರಿಯಾಗಿ ದಾಟುವುದಿಲ್ಲ, ಅದನ್ನು ಕಂಡು ಗಾಬರಿ ಬೇಡ.

ಸುರುಳಿ ಮಾತ್ರ ಚೆನ್ನಾಗಿ ಹೊಳೆಯುತ್ತಿದೆ, ಔಟ್‌ಪುಟ್ ಸೊನ್ನೆ? ಐಸೊಲೇಟರ್ ಮೇಲಿನ ಬಾಣದ ಗುರುತು ನೋಡಿ. ಅದು ತಿರುಗುಮುರುಗಾಗಿದ್ದರೆ ಲೇಸರ್ ಉರಿಯುತ್ತದೆ, ಆದರೆ ಬೆಳಕು ಉಂಗುರದಲ್ಲಿ ಎದುರು ದಿಕ್ಕಿಗೆ ಸುತ್ತುತ್ತದೆ. ಕಪ್ಲರ್ ತನ್ನ 10 ಪರ್ಸೆಂಟನ್ನು ನೀವು ಮೀಟರ್ ಇಡದ ಕಾಲಿಗೆ, ಅಂದರೆ ಇನ್ನೊಂದು ಫೈಬರ್ ತುದಿಗೆ, ಕಳಿಸುತ್ತದೆ. ಹೊಸದಾಗಿ ಕಟ್ಟಿದ ಉಂಗುರದಲ್ಲಿ ಇದು ಆಗಾಗ ಆಗುವ ತಪ್ಪು.

ಡಯೋಡಿನ ಕರೆಂಟ್ ಸರಿ, ತಾಪಮಾನ ಸರಿ, ಡಯೋಡಿನ ತುದಿಯಲ್ಲೇ ಅಳೆದರೂ ಪವರ್ ಇಲ್ಲ ಅಂದರೆ ಅಲ್ಲಿಗೆ ನಿಲ್ಲಿಸಿ. ಡಯೋಡ್ ಪೆಟ್ಟಿಗೆ ನೀವು ಬಿಚ್ಚುವಂಥದ್ದಲ್ಲ. ಕೊಟ್ಟವರಿಗೆ ವಾಪಸ್ ಕಳಿಸಿ. ಅದನ್ನು ಮುಟ್ಟುವಾಗ ಕೈಗೆ ಅರ್ತಿಂಗ್ ಪಟ್ಟಿ ಇರಲಿ.

"ಬೆಳಕು ಬರುತ್ತೆ, ಆದ್ರೆ ಮೊದಲಿನಷ್ಟಿಲ್ಲ"

ಒರೆಸಿ. ನಿಜವಾಗಿ, ಇಷ್ಟೇ.

ಫೈಬರಿನ ಬೆಳಕು ಹೋಗುವ ದಾರಿಯ, ಅಂದರೆ ಕೋರ್‌ನ, ಅಗಲ ಸುಮಾರು 10 ಮೈಕ್ರಾನ್. ರಸ್ತೆಯಲ್ಲಿ ಮೆಟ್ರೋ ಕೆಲಸ ನಡೆಯುತ್ತಿದ್ದು ಕಿಟಕಿ ತೆರೆದಿದ್ದರೆ ಅಷ್ಟು ದೊಡ್ಡ ಧೂಳಿನ ಕಣ ಬಂದು ಕೂರಲು ಒಂದು ನಿಮಿಷ ಸಾಕು. ಮೊದಲು ಒಣ ಕ್ಲೀನರ್, ಆಮೇಲೂ ಕಲೆ ಉಳಿದರೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಕಿಸಿದ ನೂಲಿಲ್ಲದ ಟಿಶ್ಯೂ, ಮತ್ತೆ ಒಣದು. ಒರೆಸಿದ ಮೇಲೆ ಕ್ಯಾಮೆರಾ ಇರುವ ಇನ್‌ಸ್ಪೆಕ್ಷನ್ ಸ್ಕೋಪ್‌ನಲ್ಲಿ ನೋಡಿ. ಕಣ್ಣಿಟ್ಟು ನೋಡುವ ಹಳೆಯ ಮೈಕ್ರೋಸ್ಕೋಪ್ ಬೇಡ. ಪಂಪ್ ಆಫ್ ಆಗಿದೆ ಅಂತ ನೂರಕ್ಕೆ ನೂರು ಗೊತ್ತಿದ್ದರೂ ಬೇಡ.

ಕನೆಕ್ಟರ್ ಬಣ್ಣಗಳೂ ನೋಡಿ. ಹಸಿರಿನದು 8 ಡಿಗ್ರಿ ಓರೆ ಕೊಯ್ದ ಎಪಿಸಿ. ನೀಲಿಯದು ಓರೆ ಇಲ್ಲದ ಪಿಸಿ. ಇವೆರಡನ್ನು ಜೋಡಿಸಿದರೆ ನಡುವೆ ಸಂದಿ ಉಳಿದು ಪವರ್ ಹೋಗುತ್ತದೆ, ತುದಿಯೂ ಕೆಡುತ್ತದೆ. ಫೈಬರ್ ಎಲ್ಲಾದರೂ ಮೇಜಿನ ಅಂಚಿಗೆ ಸಿಕ್ಕಿ ಮಡಚಿಕೊಂಡಿದೆಯಾ ಅಂತ ಬೆರಳಲ್ಲಿ ಹಿಂಬಾಲಿಸಿ.

ಇಷ್ಟಾದ ಮೇಲೆ ಫಿಲ್ಮ್ ಸರದಿ. ಫಿಲ್ಮ್ ಇಟ್ಟು ಒಮ್ಮೆ, ತೆಗೆದು ಒಮ್ಮೆ, ಅದೇ ಜೋಡಣೆಯಲ್ಲಿ ಹೊರಗಿನ ಮಂದ 1550 ಬೆಳಕು ಬಿಟ್ಟು ಅಳೆಯಿರಿ. ವ್ಯತ್ಯಾಸ 3 ಡೆಸಿಬೆಲ್ ಅಂದರೆ ಅರ್ಧ ಬೆಳಕು ಅಲ್ಲೇ ಹೋಯಿತು ಅಂತ. ಫಿಲ್ಮ್ ಮಾಡಿದ ದಿನವೇ ಈ ಅಂಕಿ ಬರೆದಿಟ್ಟುಕೊಂಡಿದ್ದರೆ ಇವತ್ತು ಹೋಲಿಸಲು ಸಿಗುತ್ತದೆ. ಬರೆದಿಡದಿದ್ದರೆ ಇವತ್ತಿನಿಂದ ಶುರು ಮಾಡಿ.

"ಪವರ್ ಇದೆ, ಆದ್ರೆ ಸ್ಕೋಪ್‌ನಲ್ಲಿ ಬರೀ ಗೆರೆ"

ಎಲ್ಲರೂ ಫಿಲ್ಮ್ ಎಸೆಯುವುದು ಇಲ್ಲೇ. ಸ್ವಲ್ಪ ತಡೆಯಿರಿ.

ಪಲ್ಸ್ ಇದ್ದರೂ ನಿಮಗೆ ಕಾಣದೇ ಇರಬಹುದು. ಆಸಿಲೋಸ್ಕೋಪ್‌ನ ಇನ್‌ಪುಟ್ 1 ಮೆಗಾಓಮ್‌ನಲ್ಲಿದ್ದರೆ ವೇಗದ ಪಲ್ಸ್‌ಗಳು ಒಂದರ ಮೇಲೊಂದು ಹರಡಿಕೊಂಡು ಸಪಾಟಾಗಿ ಕಾಣುತ್ತವೆ. 50 ಓಮ್‌ಗೆ ಬದಲಿಸಿ. ನಿಮ್ಮ ಸ್ಕೋಪ್‌ನಲ್ಲಿ ಆ ಆಯ್ಕೆ ಇಲ್ಲದಿದ್ದರೆ 50 ಓಮ್ ಟರ್ಮಿನೇಟರ್ ಹಾಕಿ. ಎಸ್‌ಪಿ ರೋಡಿನಲ್ಲಿ ನಾಲ್ಕು ಅಂಗಡಿ ಸುತ್ತಿದರೆ ಸಿಗುತ್ತದೆ. ಎರಡನೆಯದು, 20 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್ ಲಿಮಿಟ್ ಬಟನ್. ಯಾರೋ ಬೇರೆ ಪ್ರಯೋಗಕ್ಕೆ ಒತ್ತಿಟ್ಟು ಹೋಗಿರುತ್ತಾರೆ. ಮೂರನೆಯದು, ಫೋಟೋಡಿಟೆಕ್ಟರ್‌ನ ಬ್ಯಾಟರಿ. ವಾರಾಂತ್ಯ ಪೂರ್ತಿ ಆನ್ ಬಿಟ್ಟು ಹೋದರೆ ಸೋಮವಾರ ಅದು ಸತ್ತಿರುತ್ತದೆ.

ಎಷ್ಟು ಹೊತ್ತಿಗೊಂದು ಪಲ್ಸ್ ಬರಬೇಕು ಅಂತ ಮೊದಲೇ ಲೆಕ್ಕ ಹಾಕಿಕೊಳ್ಳಿ. 10 ಮೀಟರ್ ಉಂಗುರ, ಗಾಜಿನ ವಕ್ರೀಭವನ ಸೂಚ್ಯಂಕ ಸುಮಾರು 1.468. ಬೆಳಕು ಒಂದು ಸುತ್ತು ಹಾಕಲು 49 ನ್ಯಾನೋಸೆಕೆಂಡ್. ಅಂದರೆ ಸೆಕೆಂಡಿಗೆ ಸುಮಾರು 2 ಕೋಟಿ ಪಲ್ಸ್, 20.4 ಮೆಗಾಹರ್ಟ್ಸ್. ಸ್ಕೋಪ್ ಗೆರೆಯನ್ನು ಅಷ್ಟು ಅಗಲಕ್ಕೆ ಹಿಗ್ಗಿಸಿ ನೋಡಿ. ಮಿಲಿಸೆಕೆಂಡ್ ಅಳತೆಯಲ್ಲಿ ಕೂತು ಹುಡುಕಿದರೆ ಸಿಗುವುದಿಲ್ಲ.

ನಿಜಕ್ಕೂ ಪಲ್ಸ್ ಇಲ್ಲ ಅಂತಾದರೆ ಪೋಲರೈಸೇಶನ್ ಕಂಟ್ರೋಲರ್‌ಗೆ ಬನ್ನಿ. ಮೂರು ಪ್ಯಾಡಲ್‌ಗಳನ್ನು ಒಂದೊಂದಾಗಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತಿರುಗಿಸಿ. ಸುಮ್ನೆ ಎಲ್ಲವನ್ನೂ ಒಟ್ಟಿಗೆ ಅಲ್ಲಾಡಿಸಿದರೆ ಬಂದದ್ದೂ ಹೋಗುತ್ತದೆ, ಎಲ್ಲಿ ಬಂತು ಅಂತಲೂ ಗೊತ್ತಾಗುವುದಿಲ್ಲ. ಜೊತೆಗೆ ಪಂಪ್ ಸ್ವಲ್ಪ ಸ್ವಲ್ಪವೇ ಏರಿಸಿ. ಮೋಡ್-ಲಾಕ್ ಶುರುವಾಗಲು ಬೇಕಾದ ಪಂಪ್ ಜಾಸ್ತಿ. ಶುರುವಾದ ಮೇಲೆ ಅದಕ್ಕಿಂತ ಕಡಿಮೆಗೆ ಇಳಿಸಿದರೂ ಅದು ಉಳಿಯುತ್ತದೆ. ಇಳಿಸುತ್ತಾ ಬಂದು ಎಲ್ಲಿ ಬಿಟ್ಟುಹೋಯಿತು ಅನ್ನುವುದನ್ನೂ ಬರೆದುಕೊಳ್ಳಿ.

ಆಮೇಲೂ ಇಲ್ಲವಾದರೆ ಉಂಗುರದೊಳಗೆ ಎಲ್ಲಾದರೂ ಬೆಳಕು ಹಿಂದಕ್ಕೆ ಚಿಮ್ಮುತ್ತಿದೆಯಾ ನೋಡಿ. ಒಂದು ನೀಲಿ ಪಿಸಿ ಕನೆಕ್ಟರ್, ಒಂದು ಕೆಟ್ಟ ಸ್ಪ್ಲೈಸ್, ತುದಿ ಹಾಗೇ ಬಿಟ್ಟ ಕಪ್ಲರ್ ಕಾಲು, ಇವುಗಳಿಂದ ಹಿಂತಿರುಗುವ ಬೆಳಕು ಪಲ್ಸ್ ತಾನಾಗಿ ಶುರುವಾಗಲು ಬಿಡುವುದಿಲ್ಲ.

ಈಗ ಫಿಲ್ಮ್. ಮೊದಲ ಪ್ರಶ್ನೆ ತುಂಬಾ ಸಾದಾ: ಫಿಲ್ಮ್ ಕೋರ್ ಮೇಲೆ ಇದೆಯಾ? ಎಫ್‌ಸಿ ಕನೆಕ್ಟರ್‌ನ ಬಿಳಿ ಫೆರೂಲ್ (ಫೈಬರ್ ತುದಿ ಹಿಡಿದಿರುವ ಕೊಳವೆ) 2.5 ಮಿಲಿಮೀಟರ್ ದಪ್ಪ. ಅದರ ನಟ್ಟನಡುವೆ ಕೂದಲಿಗಿಂತ ಎಷ್ಟೋ ಸಣ್ಣ ಕೋರ್. ಬ್ಲೇಡಿನಲ್ಲಿ 1 ಮಿಲಿಮೀಟರ್ ಚೌಕ ಕತ್ತರಿಸಿ ಚಿಮುಟದಲ್ಲಿ ಇಡುವಾಗ ಅದು ನಡುವಿಗೇ ಕೂತಿರುತ್ತದೆ. ಅಡಾಪ್ಟರ್ ಒಳಗೆ ತಳ್ಳುವಾಗ ಜಾರುತ್ತದೆ. ಬಿಚ್ಚಿ ಇನ್‌ಸ್ಪೆಕ್ಷನ್ ಸ್ಕೋಪ್‌ನಲ್ಲಿ ನೋಡಿದರೆ ಫಿಲ್ಮ್ ಒಂದು ಪಕ್ಕಕ್ಕೆ ಸರಿದು, ಅಂಚು ಸುರುಟಿಕೊಂಡಿರುತ್ತದೆ. ಕೋರ್ ಬೆತ್ತಲೆ. ಇಂಥ ಕಡೆ ಫಿಲ್ಮ್ ಕೆಟ್ಟಿಲ್ಲ, ಜಾಗ ತಪ್ಪಿದೆ ಅಷ್ಟೇ. ಫೆರೂಲ್ ಮೇಲೆ ಒಂದು ಸಣ್ಣ ಹನಿ ಇಂಡೆಕ್ಸ್ ಜೆಲ್ (ಗಾಜಿನ ವಕ್ರೀಭವನ ಸೂಚ್ಯಂಕಕ್ಕೆ ಹೊಂದುವ ಲೋಳೆ) ಇಟ್ಟು ಕೂರಿಸಿದರೆ ನಿಲ್ಲುತ್ತದೆ.

ಎರಡನೆಯ ಪ್ರಶ್ನೆ ನ್ಯಾನೋಟ್ಯೂಬ್ ಬಳಸುವವರಿಗೆ: ನಿಮ್ಮ ಟ್ಯೂಬಿನ ವ್ಯಾಸ ಎಷ್ಟು? ಟ್ಯೂಬ್ ಯಾವ ಬೆಳಕು ಹೀರುತ್ತದೆ ಅನ್ನುವುದನ್ನು ವ್ಯಾಸವೇ ತೀರ್ಮಾನಿಸುತ್ತದೆ. 1.2 ನ್ಯಾನೋಮೀಟರ್ ಸುತ್ತಮುತ್ತಲಿನವು 1550ಕ್ಕೆ ಒಗ್ಗುತ್ತವೆ. 0.76 ನ್ಯಾನೋಮೀಟರಿನವು ಹೀರುವುದು 1000ದ ಹತ್ತಿರ. ಅವು ಸಿಗ್ನಲ್ ಬಿಟ್ಟು ಪಂಪಿನ ಬೆಳಕಿಗೆ ಹೊಂದುತ್ತವೆ. ಬಾಟಲಿ ಬದಲಾದಾಗ ಲೇಬಲ್ ಓದದೆ ಫಿಲ್ಮ್ ಮಾಡಿದರೆ, ನೋಡಲು ಅದೇ ಬೂದು ಬಣ್ಣ, ಕೆಲಸ ಮಾತ್ರ ಇಲ್ಲ. ಗ್ರಾಫೀನ್‌ಗೆ ಈ ತಾಪತ್ರಯ ಇಲ್ಲ. ಅದು ವಿಶಾಲ ಪಟ್ಟಿಯಲ್ಲಿ ಹೀರುತ್ತದೆ. ಒಂದೊಂದು ಪದರಕ್ಕೆ 2.3 ಪರ್ಸೆಂಟ್.

ಟ್ಯೂಬಿನ ವ್ಯಾಸವನ್ನು ಕಣ್ಣಾರೆ ಕಾಣಬೇಕಾದರೆ ರಾಮನ್ ಸ್ಪೆಕ್ಟ್ರಮ್ (ವಸ್ತುವಿನಿಂದ ಚದುರಿದ ಬೆಳಕಿನ ಬಣ್ಣ ಎಷ್ಟು ಬದಲಾಯಿತು ಅನ್ನುವ ನಕ್ಷೆ) ತೆಗೆಸಿ. ರಾಮನ್ ಅವರೇ 1948ರಲ್ಲಿ ಸಂಸ್ಥೆ ಕಟ್ಟಿದ ಊರಿದು. ಯಂತ್ರ ಸಿಗುವುದು ಕಷ್ಟವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದಲ್ಲಿ ಹೊರಗಿನವರಿಗೂ ಶುಲ್ಕಕ್ಕೆ ಅಳೆದುಕೊಡುವ ವ್ಯವಸ್ಥೆ ಇದೆ. ನ್ಯಾನೋಟ್ಯೂಬ್‌ನ ಉಸಿರಾಟದ ಕಂಪನ ಅನ್ನುವ ಸಣ್ಣ ಗೆರೆ ಎಷ್ಟು ವೇವ್‌ನಂಬರ್‌ನಲ್ಲಿ ಬಂತು ನೋಡಿ, 248ನ್ನು ಅದರಿಂದ ಭಾಗಿಸಿದರೆ ವ್ಯಾಸ ಹೆಚ್ಚುಕಮ್ಮಿ ಸಿಕ್ಕಿತು. 207ರಲ್ಲಿ ಗೆರೆ ಇದ್ದರೆ 1.2 ನ್ಯಾನೋಮೀಟರ್.

"ಪಲ್ಸ್ ಬಂತು, ಆದ್ರೆ ಕಿಲೋಹರ್ಟ್ಸ್‌ನಲ್ಲಿ"

ಇದು ಮೋಡ್-ಲಾಕ್ ಅಲ್ಲ, ಕ್ಯೂ-ಸ್ವಿಚಿಂಗ್. ಅಂದರೆ ಲೇಸರ್ ಶಕ್ತಿ ಕೂಡಿಟ್ಟು ಆಗಾಗ ಒಮ್ಮೆಲೇ ಸುರಿಯುತ್ತಿದೆ. ಗುರುತಿಸುವುದು ಸುಲಭ. ಪಂಪ್ ಸ್ವಲ್ಪ ಏರಿಸಿ. ಪಲ್ಸ್‌ಗಳ ನಡುವಿನ ಅಂತರ ಕಡಿಮೆಯಾದರೆ ಕ್ಯೂ-ಸ್ವಿಚ್. ಮೋಡ್-ಲಾಕ್‌ನಲ್ಲಿ ಅಂತರ ಉಂಗುರದ ಉದ್ದಕ್ಕೆ ಕಟ್ಟುಬಿದ್ದಿರುತ್ತದೆ, ಪಂಪಿಗೆ ಜಗ್ಗುವುದಿಲ್ಲ. ಮೆಗಾಹರ್ಟ್ಸ್ ಪಲ್ಸ್‌ಗಳೇ ಇದ್ದು ಅವುಗಳ ಎತ್ತರ ಅಲೆಯ ಹಾಗೆ ಏರಿಳಿಯುತ್ತಿದ್ದರೆ ಎರಡೂ ಬೆರೆತ ಸ್ಥಿತಿ.

ಎರ್ಬಿಯಂ ಶಕ್ತಿಯನ್ನು ಸುಮಾರು 10 ಮಿಲಿಸೆಕೆಂಡ್ ಹಿಡಿದಿಟ್ಟುಕೊಳ್ಳುತ್ತದೆ. ಕೂಡಿಟ್ಟು ಒಮ್ಮೆಲೇ ಸುರಿಯುವುದು ಅದರ ಸ್ವಭಾವ. ಅದನ್ನು ಮೀರಲು ಉಂಗುರದೊಳಗಿನ ಒಂದೊಂದು ಪಲ್ಸ್‌ಗೂ ಸಾಕಷ್ಟು ಶಕ್ತಿ ಬೇಕು. ಮೊದಲು ನಷ್ಟ ಕಡಿಮೆ ಮಾಡಿ, ಅಂದರೆ ಮತ್ತೆ ಕನೆಕ್ಟರ್. ಆಮೇಲೆ ಕೆಲವು ಮೀಟರ್ ಮಾಮೂಲಿ ಫೈಬರ್ ಸೇರಿಸಿ ಉಂಗುರ ಉದ್ದ ಮಾಡಿ. ಪಲ್ಸ್ ಸಂಖ್ಯೆ ಇಳಿದು ಒಂದೊಂದರ ಪಾಲು ಹೆಚ್ಚುತ್ತದೆ. ಅದೂ ಆಗದಿದ್ದರೆ ತೆಳು ಫಿಲ್ಮ್ ಹಾಕಿ. ಫಿಲ್ಮ್ ದಪ್ಪವಿದ್ದಷ್ಟೂ ಪಲ್ಸ್ ಚೆನ್ನಾಗಿ ಬರುತ್ತದೆ ಅಂತ ಹಲವರು ನಂಬಿದ್ದಾರೆ. ಆದರೆ ನಿಜ ಬೇರೆ: ಅಬ್ಸಾರ್ಬರ್ ಮಂದ ಬೆಳಕಿಗೂ ಜೋರು ಬೆಳಕಿಗೂ ನುಂಗುವುದರಲ್ಲಿ ಮಾಡುವ ವ್ಯತ್ಯಾಸ ಜಾಸ್ತಿಯಾದರೆ ಕ್ಯೂ-ಸ್ವಿಚ್ ಕಡೆಗೇ ಲೇಸರ್ ಜಾರುತ್ತದೆ.

ಈ ಸ್ಥಿತಿಯಲ್ಲಿ ಪಂಪ್ ಏರಿಸುತ್ತಾ ಹೋಗಬೇಡಿ. ಕ್ಯೂ-ಸ್ವಿಚ್ ಪಲ್ಸ್‌ಗಳಲ್ಲಿ ಶಕ್ತಿ ತುಂಬಾ. ಫಿಲ್ಮ್ ಸುಡುತ್ತದೆ.

"ಸ್ಪೆಕ್ಟ್ರಮ್‌ನಲ್ಲಿ ಮುಳ್ಳು ಮುಳ್ಳು"

ಸ್ಪೆಕ್ಟ್ರಮ್ ಅಂದರೆ ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಇದೆ ಅನ್ನುವ ನಕ್ಷೆ. ನಡುವಿನ ಗುಡ್ಡದ ಎರಡೂ ಕಡೆ ಜೋಡಿ ಜೋಡಿಯಾಗಿ ಸಮಾನ ದೂರದಲ್ಲಿ ನಿಂತ ಮುಳ್ಳುಗಳು ರೋಗವಲ್ಲ. ಅವು ಕೆಲ್ಲಿ ಸೈಡ್‌ಬ್ಯಾಂಡ್‌ಗಳು, ಸಾಲಿಟಾನ್ (ಆಕಾರ ಕೆಡದೆ ಸುತ್ತುವ ಪಲ್ಸ್) ಇದೆ ಅನ್ನುವುದಕ್ಕೆ ಸಾಕ್ಷಿ. ಗುಡ್ಡದ ಮೇಲೆ ಒಂದೇ ಒಂದು ಸೂಜಿ ಎದ್ದಿದ್ದರೆ ಪಲ್ಸ್ ಜೊತೆ ಸಾದಾ ಬೆಳಕೂ ಬೆರೆತಿದೆ. ಪಂಪ್ ಇಳಿಸಿ, ಪ್ಯಾಡಲ್ ಕೂದಲೆಳೆಯಷ್ಟು ತಿರುಗಿಸಿ. ಗುಡ್ಡದ ತುಂಬಾ ಬಾಚಣಿಗೆ ಹಲ್ಲಿನಂಥ ಗೆರೆ ಇದ್ದರೆ ಎರಡು ಪಲ್ಸ್‌ಗಳು ಒಂದಕ್ಕೊಂದು ಅಂಟಿಕೊಂಡು ಸುತ್ತುತ್ತಿವೆ. ಅದಕ್ಕೂ ಪಂಪ್ ಇಳಿಸುವುದೇ ಮದ್ದು.

ಪಲ್ಸ್ ಉದ್ದ ಸರಿಯಿದೆಯಾ ಅಂತ ಕಾಗದದ ಮೇಲೇ ಅಂದಾಜು ಮಾಡಬಹುದು. 1560ರಲ್ಲಿ ಗುಡ್ಡದ ಅರ್ಧ ಎತ್ತರದ ಅಗಲ 5 ನ್ಯಾನೋಮೀಟರ್ ಅಂದರೆ ಸುಮಾರು 0.62 ಟೆರಾಹರ್ಟ್ಸ್. ಸಾಲಿಟಾನ್‌ಗೆ 0.315ನ್ನು ಅದರಿಂದ ಭಾಗಿಸಿ. ಅರ್ಧ ಪಿಕೋಸೆಕೆಂಡ್. ಪಲ್ಸ್ ಉದ್ದ ಅಳೆಯುವ ಆಟೋಕೋರಿಲೇಟರ್‌ನಲ್ಲಿ ಇದಕ್ಕಿಂತ ತುಂಬಾ ಉದ್ದ ಬಂದರೆ, ಲೇಸರ್ ಹೊರಗೆ ಎಷ್ಟು ಮೀಟರ್ ಪ್ಯಾಚ್ ಕಾರ್ಡ್ ಹಾಕಿದ್ದೀರಿ ಎಣಿಸಿ. ಆ ಕಾರ್ಡೇ ಪಲ್ಸನ್ನು ಹಿಗ್ಗಿಸಿರುತ್ತದೆ.

"ಬೆಳಿಗ್ಗೆ ಇರುತ್ತೆ, ಮಧ್ಯಾಹ್ನ ಹೋಗುತ್ತೆ"

ಫೈಬರ್ ಬಿಸಿಯಾದರೆ, ಅಲ್ಲಾಡಿದರೆ, ಅದರೊಳಗಿನ ಪೋಲರೈಸೇಶನ್ ಬದಲಾಗುತ್ತದೆ. ಎಸಿ ಗಾಳಿ ನೇರ ಬೀಳುತ್ತಿದೆಯಾ, ಮಧ್ಯಾಹ್ನದ ಬಿಸಿಲು ಮೇಜಿಗೆ ಬರುತ್ತಿದೆಯಾ ನೋಡಿ. ಫೈಬರನ್ನು ಟೇಪ್ ಹಾಕಿ ಮೇಜಿಗೆ ಕೂರಿಸಿ, ಮೇಲೊಂದು ಡಬ್ಬ ಮುಚ್ಚಿ. ಥರ್ಮೋಕೋಲ್ ಡಬ್ಬವೂ ಸಾಕು. ಇಷ್ಟಕ್ಕೇ ಅರ್ಧ ದೂರುಗಳು ನಿಲ್ಲುತ್ತವೆ.

ಮಳೆಗಾಲದಲ್ಲಿ ಮಾತ್ರ ಬರುವ ತೊಂದರೆ ಬೇರೆ. ಪಿವಿಎ ನೀರಿನಲ್ಲಿ ಕರಗುವ ವಸ್ತು. ಗಾಳಿಯ ತೇವ ಹೀರಿಕೊಂಡು ಉಬ್ಬುತ್ತದೆ, ಸುಕ್ಕಾಗುತ್ತದೆ. ಉಳಿದ ಫಿಲ್ಮ್‌ಗಳನ್ನು ಸಿಲಿಕಾ ಜೆಲ್ ಇರುವ ಡೆಸಿಕೇಟರ್‌ನಲ್ಲಿಡಿ. ನೀಲಿ ಹರಳುಗಳು ಗುಲಾಬಿಯಾಗಿದ್ದರೆ ಅವು ತೇವ ಕುಡಿದು ತುಂಬಿವೆ. ಓವನ್‌ನಲ್ಲಿ ಒಣಗಿಸಿ ಮತ್ತೆ ನೀಲಿ ಮಾಡಿ. ಫಿಲ್ಮ್‌ನಲ್ಲಿ ನ್ಯಾನೋಟ್ಯೂಬ್ ಬದಲು ಬ್ಲ್ಯಾಕ್ ಫಾಸ್ಫರಸ್ ಹಾಕಿದ್ದರೆ ಇನ್ನೂ ಹುಷಾರು. ಗಾಳಿಯ ಆಮ್ಲಜನಕ ಮತ್ತು ತೇವ ಸೇರಿ ಅದನ್ನು ತಿಂದುಹಾಕುತ್ತವೆ. ಮುಚ್ಚಿ ಇಡದ ಬ್ಲ್ಯಾಕ್ ಫಾಸ್ಫರಸ್ ಫಿಲ್ಮ್ ಮೇಲೆ ಅನುಮಾನ ಪಡುವುದು ನ್ಯಾಯವೇ.

"ಇದ್ದಕ್ಕಿದ್ದಂತೆ ಎಲ್ಲ ಬದಲಾಯ್ತು"

ಇಲ್ಲಿ ಒಂದು ಸೂಚನೆ ತುಂಬಾ ಉಪಯೋಗಕ್ಕೆ ಬರುತ್ತದೆ. ಪಲ್ಸ್ ಹೋದ ಕ್ಷಣದಲ್ಲಿ ಸರಾಸರಿ ಪವರ್ ಏರಿತಾ, ಇಳಿಯಿತಾ? ಏರಿದ್ದರೆ ಫಿಲ್ಮ್‌ನಲ್ಲಿ ತೂತು ಬಿದ್ದಿದೆ. ನುಂಗುವುದು ನಿಂತದ್ದರಿಂದ ಬೆಳಕು ಜಾಸ್ತಿ ಬರುತ್ತಿದೆ. ಇಳಿದಿದ್ದರೆ ಪಾಲಿಮರ್ ಕರಗಿ, ಇದ್ದಿಲಾಗಿ ಫೆರೂಲ್‌ಗೆ ಅಂಟಿದೆ.

ಒಮ್ಮೆ ನಾನೇ ಒಂದು ಸಂಜೆ ಮನೆಗೆ ಹೊರಡುವ ಅವಸರದಲ್ಲಿ ಪಂಪ್ ಏರಿಸಿಬಿಟ್ಟೆ. ಔಟ್‌ಪುಟ್ ಬರೀ ಒಂದೂವರೆ ಮಿಲಿವ್ಯಾಟ್ ತೋರಿಸುತ್ತಿತ್ತು, ಚಿಕ್ಕದು ಅಂದುಕೊಂಡೆ. 10 ಪರ್ಸೆಂಟ್ ಕಾಲಿನಲ್ಲಿ ಒಂದೂವರೆ ಅಂದರೆ ಒಳಗೆ 15. ಅದು 10 ಮೈಕ್ರಾನ್ ಚುಕ್ಕೆಯ ಮೇಲೆ ಬಿದ್ದರೆ ಚದರ ಸೆಂಟಿಮೀಟರಿಗೆ ಸರಾಸರಿಯೇ ಹತ್ತು ಸಾವಿರ ವ್ಯಾಟ್ ದಾಟುತ್ತದೆ. ಪಲ್ಸ್‌ನ ತುದಿಯಲ್ಲಿ ಅದರ ಹತ್ತಾರು ಸಾವಿರ ಪಟ್ಟು. ಸ್ಕೋಪ್‌ನಲ್ಲಿ ಪಲ್ಸ್ ಸಾಲು ಒಮ್ಮೆ ನಡುಗಿ ಅಳಿಸಿಹೋಯಿತು. ಪಂಪ್ ಆರಿಸಿ ಕನೆಕ್ಟರ್ ತೆಗೆದು ನೋಡಿದರೆ, ಬೂದು ಫಿಲ್ಮ್‌ನ ನಡುವೆ ಗುಂಡನೆಯ ತೂತು, ಸುತ್ತ ಕಂದು ಉಂಗುರ. ದೋಸೆ ಹಂಚಿನ ಮೇಲೆ ಸೀದ ಕಲೆಯ ಹಾಗೆ.

ಹೀಗಾದಾಗ ಅದೇ ಕನೆಕ್ಟರನ್ನು ಮತ್ತೆ ಒತ್ತಿ ಕೂಡಿಸಬೇಡಿ. ಅಂಟಿದ ಚೂರು ಎದುರಿನ ಒಳ್ಳೆಯ ತುದಿಯನ್ನೂ ಗೀರುತ್ತದೆ. ಪಿವಿಎ ಆದ್ದರಿಂದ ಬೆಚ್ಚಗಿನ ನೀರು ತಾಕಿಸಿದ ಟಿಶ್ಯೂವಿನಿಂದ ಮೆತ್ತಗೆ ಮಾಡಿ, ಆಮೇಲೆ ಆಲ್ಕೋಹಾಲ್‌ನಲ್ಲಿ ಒರೆಸಿ. ಆಲ್ಕೋಹಾಲ್ ಒಂದರಿಂದಲೇ ಪಿವಿಎ ಬಿಡುವುದಿಲ್ಲ. ಕೋರ್ ಮೇಲೆ ಕುಳಿ ಉಳಿದಿದ್ದರೆ ಉಜ್ಜಿ ಪ್ರಯೋಜನವಿಲ್ಲ. ಫೆರೂಲ್ ಪಾಲಿಶ್ ಮಾಡಿಸಬೇಕು, ಇಲ್ಲವೇ ಹೊಸ ಕನೆಕ್ಟರ್ ಸ್ಪ್ಲೈಸ್ ಮಾಡಬೇಕು. ಓರೆ ತುದಿಯ ಪಾಲಿಶ್ ಬರಿಗೈಯಲ್ಲಿ ಆಗುವ ಕೆಲಸವಲ್ಲ. ಯಂತ್ರ ಇರುವವರಿಗೆ ಕೊಡಿ.

"ಫಿಲ್ಮ್ ತೆಗೆದ್ರೂ ಪಲ್ಸ್ ಬರ್ತಿದೆ"

ಈ ಲಕ್ಷಣ ಕಂಡವರು ಕಡಿಮೆ, ಯಾಕೆಂದರೆ ಯಾರೂ ಫಿಲ್ಮ್ ತೆಗೆದು ನೋಡುವುದಿಲ್ಲ. ಇದು ಲೇಸರ್‌ನ ದೋಷವಲ್ಲ, ನಮ್ಮ ತೀರ್ಮಾನದ ದೋಷ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ.

ಫೈಬರಿನಲ್ಲಿ ಜೋರಾದ ಬೆಳಕು ಹೋಗುವಾಗ ಅದರ ಪೋಲರೈಸೇಶನ್ ತನ್ನಿಂದ ತಾನೇ ತಿರುಗುತ್ತದೆ. ಮಂದ ಬೆಳಕು ಅಷ್ಟು ತಿರುಗುವುದಿಲ್ಲ. ಉಂಗುರದಲ್ಲಿ ಎಲ್ಲಾದರೂ ಒಂದು ದಿಕ್ಕಿನ ಪೋಲರೈಸೇಶನ್‌ಗೆ ನಷ್ಟ ಜಾಸ್ತಿ ಇದ್ದರೆ, ಅದೇ ಒಂದು ಕೃತಕ ಸ್ಯಾಚುರಬಲ್ ಅಬ್ಸಾರ್ಬರ್ ಆಗಿಬಿಡುತ್ತದೆ. ಐಸೊಲೇಟರ್‌ಗೋ ಕಪ್ಲರ್‌ಗೋ ಇಂಥ ನಷ್ಟ ಸ್ವಲ್ಪ ಇದ್ದೇ ಇರುತ್ತದೆ. ಪ್ಯಾಡಲ್ ನಮ್ಮ ಕೈಯಲ್ಲೇ ಇದೆ. ಅಂದಮೇಲೆ ಬಂದ ಪಲ್ಸ್ ಫಿಲ್ಮ್‌ನಿಂದ ಬಂತೋ ಫೈಬರ್‌ನಿಂದ ಬಂತೋ ಹೇಗೆ ಹೇಳುತ್ತೀರಿ?

ಬದಿ ಉಜ್ಜಿದ ಡಿ ಆಕಾರದ ಫೈಬರ್ ಮೇಲೆ ಗ್ರಾಫೀನ್ ಹಾಕುವವರು ಇನ್ನೂ ಎಚ್ಚರದಿಂದಿರಬೇಕು. ಆ ಜೋಡಣೆ ತಾನೇ ಒಂದು ಪೋಲರೈಸರ್ ಆಗಿ ಕೆಲಸ ಮಾಡುತ್ತದೆ. ಪಲ್ಸ್ ಬರಲು ಬೇಕಾದ ಎಲ್ಲವನ್ನೂ ನೀವೇ ಕೂಡಿಸಿಕೊಟ್ಟ ಹಾಗಾಯಿತು.

ನ್ಯಾನೋಟ್ಯೂಬ್‌ನ ಮೋಡ್-ಲಾಕ್ 2003ರ ಹೊತ್ತಿಗೆ, ಗ್ರಾಫೀನ್‌ನದು 2009ರಲ್ಲಿ ಬಂತು. ಆಮೇಲೆ ಟೊಪಾಲಾಜಿಕಲ್ ಇನ್ಸುಲೇಟರ್, ಮಾಲಿಬ್ಡಿನಂ ಡೈಸಲ್ಫೈಡ್, ಬ್ಲ್ಯಾಕ್ ಫಾಸ್ಫರಸ್ ಅಂತ ಸಾಲು ಬೆಳೆಯುತ್ತಲೇ ಇದೆ. ಹೊಸ ವಸ್ತು ಹಾಕಿದೆ, ಪಲ್ಸ್ ಬಂತು ಅನ್ನುವುದು ಖುಷಿಯ ವಿಷಯವೇ. ವಸ್ತುವಿನಿಂದಲೇ ಬಂತು ಅನ್ನಬೇಕಾದರೆ ಕೆಲಸ ಇನ್ನೂ ಇದೆ.

ಮೊದಲು ಫಿಲ್ಮ್ ತೆಗೆದು, ಅದೇ ಕನೆಕ್ಟರ್‌ಗಳನ್ನು ಬರಿದಾಗಿ ಜೋಡಿಸಿ. ನಷ್ಟ ಕಡಿಮೆಯಾಗುವುದರಿಂದ ಒಳಗಿನ ಪವರ್ ಏರುತ್ತದೆ. ಅದನ್ನು ಸರಿದೂಗಿಸಲು ಪಂಪ್ ಇಳಿಸಿದ ಸ್ಥಿತಿಯಲ್ಲೂ ನೋಡಿ, ಪೂರ್ತಿ ಏರಿಸಿಯೂ ನೋಡಿ. ಪ್ಯಾಡಲ್‌ಗಳನ್ನು ಎಲ್ಲ ಕೋನಗಳಲ್ಲೂ ತಿರುಗಿಸಿ. ಹತ್ತು ನಿಮಿಷ ಸಾಲದು, ಒಂದು ಪೂರ್ತಿ ಮಧ್ಯಾಹ್ನ ಕೊಡಿ. ಆಮೇಲೆ ನ್ಯಾನೋ ವಸ್ತು ಇಲ್ಲದ, ಅಷ್ಟೇ ದಪ್ಪದ ಬರೀ ಪಿವಿಎ ಫಿಲ್ಮ್ ಇಟ್ಟು ಇನ್ನೊಮ್ಮೆ ಅದನ್ನೇ ಮಾಡಿ. ಈ ಬರೀ ಫಿಲ್ಮನ್ನು ಅಸಲಿಯದರ ಜೊತೆಯಲ್ಲೇ, ಅದೇ ದಿನ, ಅದೇ ಪಿವಿಎ ದ್ರಾವಣದಿಂದ ಎರೆದಿಟ್ಟುಕೊಳ್ಳಿ.

ಎರಡರಲ್ಲೂ ಪಲ್ಸ್ ಬರಲಿಲ್ಲ, ನ್ಯಾನೋ ಫಿಲ್ಮ್ ಇಟ್ಟಾಗ ಪಂಪ್ ಏರಿಸಿದ ಕೂಡಲೇ ತಾನಾಗಿ ಬಂತು, ಪ್ಯಾಡಲ್ ಸ್ವಲ್ಪ ತಿರುಗಿಸಿದರೂ ಉಳಿಯಿತು ಅಂದರೆ ಫಿಲ್ಮ್ ಕೆಲಸ ಮಾಡುತ್ತಿದೆ ಅಂತ ಧೈರ್ಯವಾಗಿ ಬರೆಯಿರಿ. ಪ್ಯಾಡಲ್ ತಟ್ಟಿದಾಗ ಮಾತ್ರ ಶುರುವಾಗುತ್ತದೆ, ಒಂದೇ ಒಂದು ಕೋನದಲ್ಲಿ ಮಾತ್ರ ನಿಲ್ಲುತ್ತದೆ ಅಂದರೆ ಅನುಮಾನ ಇಟ್ಟುಕೊಳ್ಳಿ. ಬರಿದಾದ ಉಂಗುರದಲ್ಲೂ ಪಲ್ಸ್ ಬಂದರೆ, ಫಿಲ್ಮನ್ನು ಉಂಗುರದಿಂದ ಹೊರಗೆ ತಂದು ಅಳೆಯಬೇಕು. ಇನ್ನೊಂದು ಪಲ್ಸ್ ಲೇಸರ್‌ನ ಬೆಳಕನ್ನು ಎರಡಾಗಿ ಸೀಳಿ, ಒಂದು ಫಿಲ್ಮ್ ಮೂಲಕ, ಒಂದು ನೇರ ಬಿಟ್ಟು, ಪವರ್ ಏರಿಸುತ್ತಾ ಎರಡು ಮೀಟರ್‌ಗಳನ್ನು ಹೋಲಿಸಿ. ಪವರ್ ಏರಿದಂತೆ ಫಿಲ್ಮ್ ದಾಟುವ ಪಾಲು ಏರಬೇಕು. ಮತ್ತೆ ಪವರ್ ಇಳಿಸುತ್ತಾ ಬನ್ನಿ. ಅದೇ ಗೆರೆಯ ಮೇಲೆ ವಾಪಸ್ ಬಂದರೆ ಅದು ಸ್ಯಾಚುರೇಶನ್. ವಾಪಸ್ ಬರದೆ ಮೇಲೇ ನಿಂತರೆ ಫಿಲ್ಮ್ ಅಳೆಯುವಾಗಲೇ ಸುಟ್ಟಿದೆ.